ಚೀಟಿಯಿಲ್ಲದ ತಟ್ಟೆ

ಮೂವತ್ತೊಂದನೇ ತಟ್ಟೆಯ ಮುಚ್ಚಳ ಎತ್ತಿ, ಚೀಟಿಯಲ್ಲಿದ್ದದ್ದನ್ನೂ ಬಟ್ಟಲಲ್ಲಿದ್ದದ್ದನ್ನೂ ತಾಳೆ ನೋಡಿ, ಮುಂದಿನದಕ್ಕೆ ಕೈ ಹಾಕಿದಳು. ಉಪ್ಪಿಲ್ಲದ್ದು, ಸಕ್ಕರೆಯಿಲ್ಲದ್ದು, ನುಂಗಲಾಗದವರಿಗೆ ನುಣ್ಣಗೆ ಅರೆದದ್ದು. ಆಸ್ಪತ್ರೆಯ ಆಹಾರ ವಿಭಾಗಕ್ಕೆ ಮುಖ್ಯಸ್ಥೆಯಾಗಿ ಒಂಬತ್ತು ವರ್ಷವಾಗಿತ್ತು. ಆದರೂ ಮಧ್ಯಾಹ್ನದ ಗಾಡಿ ಹೊರಡುವ ಮುನ್ನ ತಾನೇ ಬಂದು ನಿಲ್ಲುವುದನ್ನು ಬಿಟ್ಟಿರಲಿಲ್ಲ.

ದಿನವೂ ಅವಳೇ ಇಡಿಸುವ ಕೊನೆಯ ತಟ್ಟೆಗೆ ಚೀಟಿಯಿಲ್ಲ. ಒಂದು ಬಟ್ಟಲು ಗಂಜಿ, ಒಂದು ಚಮಚ.

"ಇದು ನಿಮ್ಮ ದೆವ್ವದ ಪಾಲು ಮೇಡಂ," ಎಂದ ಅಡುಗೆಮನೆ ಮೇಸ್ತ್ರಿ. "ಇಷ್ಟು ವರ್ಷದಲ್ಲಿ ಒಂದು ದಿನಾನಾದ್ರೂ ಉಪ್ಪು ಕಮ್ಮಿ ಅಂದಿಲ್ಲ. ಇಂಥ ಪೇಷೆಂಟು ಎಲ್ಲಿ ಸಿಗ್ತಾರೆ ಹೇಳಿ!"

"ಯಾರಿಗಾದ್ರೂ ದಿಢೀರಂತ ಬೇಕಾಗತ್ತೆ. ಸುಮ್ನೆ ಗಾಡಿ ತಳ್ಳಪ್ಪ," ಎಂದಳು. ಎಂದಿನ ಉತ್ತರ. ಅದನ್ನು ಅವನೂ ನಂಬುತ್ತಿರಲಿಲ್ಲ, ಅವಳೂ.

ಇಪ್ಪತ್ತೆರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹದಿನಾಲ್ಕನೇ ಹಾಸಿಗೆಯಲ್ಲಿ ಸೊಂಟ ಮುರಿದುಕೊಂಡ ಒಬ್ಬ ಅಜ್ಜಿ ಇದ್ದಳು. ಆಪರೇಷನ್ ಇದೆಯೆಂದು ಹಾಸಿಗೆಗೆ ಉಪವಾಸದ ಚೀಟಿ ಸಿಕ್ಕಿಸಿದ್ದರು. ಆಪರೇಷನ್ ಒಂದು ದಿನ ಯಂತ್ರ ಕೆಟ್ಟು ಮುಂದೆ ಹೋಯಿತು, ಇನ್ನೊಂದು ದಿನ ಡಾಕ್ಟರಿಲ್ಲದೆ. ಚೀಟಿ ಮಾತ್ರ ಅಲ್ಲೇ ಉಳಿಯಿತು. ದಿನಾ ಬೆಳಿಗ್ಗೆ ಅದನ್ನು ನೋಡಿ 'ಊಟ ಬೇಡ' ಎಂದು ಗುರುತು ಹಾಕಿದವಳು ಇವಳೇ. ಮೂರನೇ ದಿನ ಅಜ್ಜಿ ಇವಳ ಬಿಳಿ ಕೋಟಿನ ಅಂಚು ಹಿಡಿದಿದ್ದಳು.

"ಮಗಳೇ, ನನ್ನ ತಟ್ಟೆ ಮರೆತ್ರಾ?"

"ನಾಳೆ ಆಪರೇಷನ್ ಅಜ್ಜಿ, ಒಂಚೂರು ತಡ್ಕೊಳ್ಳಿ," ಎಂದು ಕೈ ಬಿಡಿಸಿಕೊಂಡು ಹೋಗಿದ್ದಳು. ಚೀಟಿಯ ತಾರೀಕು ನೋಡಲಿಲ್ಲ.

ಐದನೇ ದಿನ ಆಪರೇಷನ್ ಆಯಿತು. ಎಂಟನೇ ದಿನ ಹಾಸಿಗೆ ಖಾಲಿಯಾಯಿತು. ಹೃದಯ ದುರ್ಬಲವಾಗಿತ್ತು ಎಂದು ಕಡತದಲ್ಲಿ ಬರೆದರು. ಸಾಲಾಗಿ ನಾಲ್ಕು ಗುರುತು ತನ್ನದೇ ಕೈಬರಹದಲ್ಲಿದ್ದುದನ್ನು ಕಂಡವಳು ಇವಳೊಬ್ಬಳೇ.

ಸಣ್ಣದೊಂದು ಅಧಿಕಾರ ಸಿಕ್ಕ ಮೊದಲ ವಾರವೇ ಒಂದು ನಿಯಮ ತಂದಳು: ಯಾವ ಉಪವಾಸದ ಚೀಟಿಯೂ ಮಧ್ಯಾಹ್ನ ಹನ್ನೆರಡು ದಾಟಬಾರದು, ಬೇಕಿದ್ದರೆ ಡಾಕ್ಟರನ್ನು ಕೇಳಿ ಹೊಸದು ಬರೆಸಬೇಕು. ಊರೆಲ್ಲ ಹೊಗಳಿತು. ಹೇಗೆ ಹೊಳೆಯಿತೆಂದು ಕೇಳಿದವರಿಗೆಲ್ಲ "ಎಲ್ಲೋ ಓದಿದ್ದೆ" ಎನ್ನುತ್ತಿದ್ದಳು. ಆ ಹೊಗಳಿಕೆಯ ಮೆಟ್ಟಿಲು ಹತ್ತಿಯೇ ಇಲ್ಲಿಯವರೆಗೆ ಬಂದದ್ದು.

ಇಂದು ಬೆಳಿಗ್ಗೆ ಆಡಳಿತಾಧಿಕಾರಿ ಎರಡು ಕಾಗದ ಮುಂದಿಟ್ಟಿದ್ದರು. ಒಂದು ಬಡ್ತಿಯದು, ಇನ್ನು ಸಂಸ್ಥೆಯ ಐದೂ ಆಸ್ಪತ್ರೆಗಳ ಆಹಾರ ವಿಭಾಗ ಅವಳ ಕೈಯಲ್ಲಿ. ಇನ್ನೊಂದು ಹೊಸ ಕಂಪ್ಯೂಟರ್ ವ್ಯವಸ್ಥೆಯದು. ಅದರಲ್ಲಿ ಡಾಕ್ಟರ್ ತೆಗೆಯುವವರೆಗೂ ಉಪವಾಸ ತಾನಾಗಿ ಮುಂದುವರಿಯುತ್ತದೆ.

"ದಿನಾ ಹನ್ನೆರಡಕ್ಕೆ ಡಾಕ್ಟರುಗಳಿಗೆ ಫೋನು, ಬೈಗುಳ ಮಾತ್ರ ನನಗೆ," ಎಂದಿದ್ದರು. "ನಿಮ್ಮ ನಿಯಮ ಉಳೀಬೇಕಾ, ನಡೆದಿದ್ದೊಂದು ಘಟನೆ ಇಲ್ಲಿ ಬರೀರಿ. ಎಲ್ಲೋ ಓದಿದ್ದೆ ಅಂದ್ರೆ ಮೇಲಿನವರು ಒಪ್ಪಲ್ಲ. ಇಲ್ಲಾಂದ್ರೆ ಸಹಿ ಹಾಕಿ, ಆರಾಮಾಗಿ ಬಡ್ತಿ ತಗೊಳ್ಳಿ."

ಕೋಣೆಗೆ ಬಂದು ಕೂತಾಗ ತಂಗಿಯ ಫೋನು.

"ಅಕ್ಕಾ, ಕಾಗದ ಬಂತಾ? ಇನ್ಮೇಲೆ ನಿನ್ನನ್ನ ನೋಡೋಕೆ ನಾವೂ ಚೀಟಿ ಬರೆಸ್ಕೊಂಡು ಬರ್ಬೇಕಾ?"

"ಹೋಗೇ ಮಾರಾಯ್ತಿ," ನಕ್ಕಳು. "ಸಂಜೆ ಹೇಳ್ತೀನಿ."

ಅಷ್ಟರಲ್ಲಿ ಗಾಡಿ ವಾಪಸಾದ ಸದ್ದು. ಮೇಸ್ತ್ರಿ ಬಾಗಿಲಲ್ಲಿ ನಿಂತ. ಕೈಯಲ್ಲಿ ಅದೇ ತಟ್ಟೆ. ಗಂಜಿಯ ಮೇಲೆ ಕೆನೆಗಟ್ಟಿತ್ತು.

"ಚೆಲ್ಲಿಬಿಡ್ಲಾ?"

"ಇಲ್ಲಿಡು."

"ನೀವು ದೊಡ್ಡ ಆಫೀಸಿಗೆ ಹೋದ್ಮೇಲೆ ಈ ದೆವ್ವಾನ ಯಾರು ನೋಡ್ಕೋತಾರೆ ಮೇಡಂ? ನನ್ನ ತಲೆಗೆ ಕಟ್ಬೇಡಿ."

ಅವನು ಹೋದ ಮೇಲೆ ಬಾಗಿಲು ಹಾಕಿದಳು. ಕೋಟಿನ ಅಂಚನ್ನು ಯಾರೋ ಮೆಲ್ಲಗೆ ಜಗ್ಗಿದಂತಾಯಿತು. ನೋಡಿದರೆ ಕುರ್ಚಿಯ ಮೊಳೆ. ಬಿಡಿಸಿಕೊಳ್ಳಲು ಹೋದ ಕೈ ಹಾಗೇ ನಿಂತಿತು. ಈ ಸಲ ಬಿಡಿಸಿಕೊಳ್ಳಲಿಲ್ಲ.

ಕಂಪ್ಯೂಟರ್ ವ್ಯವಸ್ಥೆಯ ಕಾಗದವನ್ನು ಹತ್ತಿರಕ್ಕೆಳೆದುಕೊಂಡು, ಸಹಿಯ ಜಾಗ ಬಿಟ್ಟು, ಮೇಲೆ 'ಕಾರಣ' ಎಂದಿದ್ದ ಖಾಲಿ ಚೌಕಕ್ಕೆ ಪೆನ್ನು ತಂದಳು. ಬಡ್ತಿಯ ಕಾಗದವನ್ನು ಮಗುಚಿ ಗಂಜಿಯ ಬಟ್ಟಲ ಕೆಳಗಿಟ್ಟಳು. ತಂಗಿ ಮತ್ತೆ ಫೋನು ಮಾಡಿದಳು. ಅದು ಬಡಿದುಕೊಂಡು ಸುಮ್ಮನಾಯಿತು. ಮೊದಲು ಹಾಸಿಗೆಯ ಸಂಖ್ಯೆ ಬರೆದಳು. ಅದರ ಕೆಳಗೆ, ನಾಲ್ಕು ತಾರೀಕುಗಳನ್ನು. ಒಂದನ್ನೂ ನೆನಪಿಸಿಕೊಳ್ಳಬೇಕಾಗಲಿಲ್ಲ.