ಮುಂಚೆಯೇ ಫೋನ್ ಮಾಡುವ ಸಾಹೇಬರು

ನಗರಸಭೆಯ ಕಟ್ಟಡ ತಪಾಸಣೆಯ ಸಾಹೇಬರಿಗೆ ತಮ್ಮ ಕೈ ಶುದ್ಧ ಎಂಬ ಬಗ್ಗೆ ಸಣ್ಣದೊಂದು ಜಂಬವಿತ್ತು. ಸಣ್ಣದೇನು ಬಂತು, ದೊಡ್ಡದೇ ಇತ್ತು. ಹೊರಗೆ ಕಾಣದ ಹಾಗೆ ಮಡಿಚಿಟ್ಟುಕೊಂಡಿದ್ದರು ಅಷ್ಟೆ. ತಪಾಸಣೆಗೆ ಹೋದ ಕಡೆ ಒಂದು ಲೋಟ ನೀರನ್ನೂ ಮುಟ್ಟುವವರಲ್ಲ. ಮೆಟ್ಟಿಲಿನ ಅಗಲ ಅಳೆಯುವ ಟೇಪು ಕೂಡ ಸ್ವಂತದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಬೇರೆ ಅಧಿಕಾರಿಗಳಂತೆ ಕಳ್ಳರನ್ನು ಹಿಡಿಯಲು ಬಂದವರ ಹಾಗೆ ದಿಢೀರನೆ ನುಗ್ಗುವುದು ಅವರಿಗೆ ಒಗ್ಗುತ್ತಿರಲಿಲ್ಲ. ಹಿಂದಿನ ದಿನವೇ ಫೋನ್ ಮಾಡುತ್ತಿದ್ದರು.

"ನಾಳೆ ಬರ್ತೀನಿ. ಗಾಬರಿ ಏನೂ ಬೇಡ, ನಿಮ್ಮ ಕೆಲಸ ನಿಮ್ಮ ಪಾಡಿಗೆ ನಡೀಲಿ."

ಊಟಕ್ಕೆ ಕೂತಾಗ ಹೆಂಡತಿಗೆ ಹೇಳುವರು: "ಜನಕ್ಕೆ ಮರ್ಯಾದೆ ಕೊಟ್ರೆ ಅವರೇ ಕಾನೂನು ಪಾಲಿಸ್ತಾರೆ ಕಣೇ. ನಮ್ಮ ಆಫೀಸಲ್ಲಿ ಇದು ಯಾರಿಗೂ ಅರ್ಥ ಆಗಲ್ಲ." ಹೆಂಡತಿ ಹೂಂಗುಟ್ಟುವಳು. ಪಕ್ಕದಲ್ಲಿ ಕೂತ ತಂಗಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ತಂಗಿ ಅಣ್ಣನ ಮನೆಗೆ ಬಂದಿದ್ದಳು. ಒಂದು ಹೊಲಿಗೆ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಅಂಗಿಗಳಿಗೆ ಕಾಲರು ಕೂರಿಸುವ ಕೆಲಸ. ಆ ಕಟ್ಟಡ ಸಾಹೇಬರ ಸರಹದ್ದಿಗೇ ಬರುತ್ತಿತ್ತು. "ನಾನು ನಿನ್ನ ತಂಗಿ ಅಂತ ಅಲ್ಲಿ ಯಾರಿಗೂ ಗೊತ್ತಾಗೋದು ಬೇಡ ಅಣ್ಣ," ಎಂದು ಮೊದಲ ದಿನವೇ ಹೇಳಿದ್ದಳು. ಸಾಹೇಬರಿಗೆ ಅದೂ ಹಿಡಿಸಿತು. ತಪಾಸಣೆಗೆ ಹೋದಾಗ ತಂಗಿಯ ಹೊಲಿಗೆ ಯಂತ್ರದ ಮುಂದೆಯೇ ಗುರುತಿಲ್ಲದವರಂತೆ ಸಾಗಿಹೋಗುವರು. ಬೆಂಕಿ ಬಿದ್ದರೆ ಇಳಿಯಲೆಂದು ಇರುವ ಹಿಂದಿನ ಮೆಟ್ಟಿಲು ಪ್ರತಿಸಲವೂ ಗುಡಿಸಿ ಒರೆಸಿದ ಹಾಗಿರುತ್ತಿತ್ತು. ಮೆಚ್ಚಿಕೊಂಡು ಸಹಿ ಹಾಕುವರು.

ಒಂದು ದಿನ ತಂಗಿ ಅವಸರದಲ್ಲಿ ಕನ್ನಡಕ ಮರೆತು ಕಾರ್ಖಾನೆಗೆ ಹೋಗಿದ್ದಳು. ಕನ್ನಡಕವಿಲ್ಲದಿದ್ದರೆ ಅವಳಿಗೆ ಸೂಜಿಯ ಕಣ್ಣು ಹಾಗಿರಲಿ, ಸೂಜಿಯೇ ಕಾಣದು. "ಹೋಗ್ತಾ ದಾರೀಲಿ ಕೊಟ್ಟುಬಿಡಿ, ಕಾವಲುಗಾರನ ಕೈಲಿ ಕೊಟ್ರೂ ಸಾಕು," ಎಂದಳು ಹೆಂಡತಿ. ಕಾವಲುಗಾರ ಬಾಗಿಲಲ್ಲಿರಲಿಲ್ಲ. ಸಾಹೇಬರು ಮೆಟ್ಟಿಲು ಹತ್ತಿದರು.

ಮೂರನೇ ಮಹಡಿಯ ಬಾಗಿಲಲ್ಲಿ ಅವರು ಕಾಣಿಸಿದ್ದೇ ತಡ, ಯಂತ್ರಗಳು ಒಂದೊಂದಾಗಿ ನಿಂತವು. ಸೂಪರ್‌ವೈಸರ್ ಓಡೋಡಿ ಬಂದ.

"ಸಾರ್! ಫೋನ್ ಬಂದಿರಲಿಲ್ಲವಲ್ಲ ಸಾರ್?"

"ತಪಾಸಣೆಗೆ ಬಂದಿಲ್ಲಪ್ಪ, ಸುಮ್ಮನೆ..." ಸಾಹೇಬರು ತಡವರಿಸಿದರು. ತಂಗಿಯ ಹೆಸರೆತ್ತುವಂತಿಲ್ಲ, ಕೈ ಜೇಬಿನ ಕನ್ನಡಕದ ಮೇಲಿದೆ.

ಅವರ ಮಾತನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. "ಏಳ್ರೇ, ಸಾಹೇಬ್ರು ಬಂದ್ರು," ಎಂದು ವಯಸ್ಸಾದವಳೊಬ್ಬಳು ಸೆರಗು ಸಿಕ್ಕಿಸಿಕೊಂಡಳು. ಹೆಂಗಸರೆಲ್ಲ ಎದ್ದರು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಇಬ್ಬಿಬ್ಬರಾಗಿ ಕೋಣೆಯ ಹಿಂಭಾಗಕ್ಕೆ ಹೋಗಿ, ಅಲ್ಲಿ ಸೂರಿನವರೆಗೆ ಪೇರಿಸಿದ್ದ ಬಟ್ಟೆಯ ಮೂಟೆಗಳನ್ನು ಇಳಿಸಿ ಹೊರತೊಡಗಿದರು. ಸೂಪರ್‌ವೈಸರ್ ಕುರ್ಚಿ ಎಳೆದು, ಕೈಯಲ್ಲೇ ಧೂಳು ಒರೆಸಿದ.

"ಒಂದರ್ಧ ಗಂಟೆ ಕೂತ್ಕೊಳ್ಳಿ ಸಾರ್. ಎಲ್ಲ ಸರಿ ಮಾಡಿಬಿಡ್ತೀವಿ."

ನಾಚಿಕೆಗೇಡಿನ ಮಾತೆಂದರೆ, ಸಾಹೇಬರು ಕೂತರು. ಎದುರಿಗೆ ನಡೆಯುತ್ತಿರುವುದು ಏನೆಂದು ತಲೆಗೆ ಹೋಗುವ ಮೊದಲೇ, ಮರ್ಯಾದೆಗೆ ಒಗ್ಗಿದ ಮೈ ಕುರ್ಚಿಗೆ ಇಳಿದುಬಿಟ್ಟಿತ್ತು.

ಮೂಟೆಗಳು ಸರಿದ ಹಾಗೆ ಹಿಂದಿನ ಮೆಟ್ಟಿಲಿನ ಬಾಗಿಲು ನಿಧಾನವಾಗಿ ಕಾಣಿಸಿತು. ಅದಕ್ಕೆ ಅಂಗೈಯಗಲದ ಬೀಗ.

"ಬೀಗದ ಕೈ ಎಲ್ಲಿ?"

"ಯಜಮಾನರ ಮನೇಲಿರುತ್ತೆ ಸಾರ್. ನೀವು ಫೋನ್ ಮಾಡಿದಾಗ ಅವರೇ ತರ್ತಾರೆ," ಎಂದ ಸೂಪರ್‌ವೈಸರ್. ಪಾಪ, ಒಳ್ಳೆಯ ಮಾತು ಹೇಳುತ್ತಿದ್ದೇನೆ ಎಂದೇ ಅವನ ನಂಬಿಕೆ.

ಸಾಹೇಬರು ಸುತ್ತ ನೋಡಿದರು. ಕೋಣೆಯ ತುಂಬ ಬಟ್ಟೆ. ಗೋಡೆಯುದ್ದಕ್ಕೂ ಕಾದ ಇಸ್ತ್ರಿ ಪೆಟ್ಟಿಗೆಗಳು. ಇಷ್ಟು ಜನಕ್ಕೆ ಇಳಿಯಲು ತಾವು ಹತ್ತಿ ಬಂದ ಆ ಒಂದೇ ಕಿರಿದಾದ ಮೆಟ್ಟಿಲು. ಬೆಂಕಿ ಏನು ಹಿಂದಿನ ದಿನ ಫೋನ್ ಮಾಡಿ ಬರುತ್ತದೆಯೇ? ಈ ಬಾಗಿಲಿನ ಬಗ್ಗೆಯೇ ಅಲ್ಲವೇ ತಾವು ವರ್ಷವರ್ಷವೂ 'ತೃಪ್ತಿಕರ' ಎಂದು ಬರೆದದ್ದು?

ಮೂಟೆಯ ಒಂದು ತುದಿ ಹಿಡಿದು ತಂಗಿ ಬಂದಳು. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿಕೊಂಡು, ಒಂದು ಕೈಯನ್ನು ಸೊಂಟಕ್ಕೆ ಒತ್ತಿಕೊಂಡಿದ್ದಳು. ತಪಾಸಣೆಯ ಮಾರನೇ ದಿನ ಅವಳು ಹೀಗೇ ಸೊಂಟ ಹಿಡಿದು ಓಡಾಡುತ್ತಿದ್ದದ್ದು, ತಾವೇ ಮುಲಾಮು ತಂದುಕೊಟ್ಟು "ಹುಷಾರಾಗಿ ಕೆಲಸ ಮಾಡೇ" ಎಂದು ಬುದ್ಧಿ ಹೇಳುತ್ತಿದ್ದದ್ದು ಸಾಹೇಬರಿಗೆ ನೆನಪಾಯಿತು.

"ಕಾಲು ಸ್ವಲ್ಪ ತೆಗೀರಿ ಸಾರ್," ಎಂದಳು ತಂಗಿ.

ಸಾಹೇಬರಿಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎದ್ದು ನಿಂತರು. "ಸಾಕು. ಇನ್ನು ಯಾರೂ ಏನೂ ಹೊರಬೇಡಿ. ಇಸ್ತ್ರಿ ಆರಿಸಿ, ಎಲ್ಲರೂ ಕೆಳಗೆ ಇಳೀರಿ. ಆ ಬಾಗಿಲು ತೆರೆದು, ಮತ್ತೆಂದೂ ಬೀಗ ಹಾಕದ ಹಾಗೆ ಆಗೋವರೆಗೆ ಇಲ್ಲಿ ಕೆಲಸ ನಡೆಯೋ ಹಾಗಿಲ್ಲ. ನೋಟಿಸು ಈಗಲೇ ಬರೀತೀನಿ."

ಸೂಪರ್‌ವೈಸರ್ ಹತ್ತಿರ ಬಂದು ದನಿ ತಗ್ಗಿಸಿದ. "ಹೋದ ಸಲ ಎಲ್ಲ ಸರಿಯಾಗಿದೆ ಅಂತ ನೀವೇ ಬರೆದಿದ್ದೀರಲ್ಲ ಸಾರ್. ಮೇಲಿನವರು ಕೇಳಿದ್ರೆ?"

"ಅದನ್ನೂ ಬರೀತೀನಿ," ಎಂದರು ಸಾಹೇಬರು. ದನಿ ಅವರದ್ದೇ ಎಂದು ಅವರಿಗೇ ಅನ್ನಿಸಲಿಲ್ಲ.

ಕೆಳಗೆ ಬೀದಿಯಲ್ಲಿ ಹೆಂಗಸರು ಗುಂಪುಗುಂಪಾಗಿ ನಿಂತಿದ್ದರು. ಯಾರೊಬ್ಬರೂ ಸಾಹೇಬರನ್ನು ಹೊಗಳಲಿಲ್ಲ. "ಇವತ್ತು ಇದ್ದಕ್ಕಿದ್ದಂಗೆ ಏನು ಬಂತೋ ಇವರಿಗೆ," ಎಂದು ಒಬ್ಬಳು ಗೊಣಗಿದ್ದು ಅವರ ಕಿವಿಗೂ ಬಿತ್ತು. ತಲೆ ತಗ್ಗಿಸಿಕೊಂಡು ದಾಟಿದರು. ತಿರುವಿನಾಚೆ ತಂಗಿ ಕಾಯುತ್ತಿದ್ದಳು. ಕನ್ನಡಕ ಕೊಟ್ಟರು.

"ಯಾಕೆ ಹೇಳಲಿಲ್ಲ ನೀನು?"

ಅವಳು ಸೆರಗಿನಿಂದ ಗಾಜು ಒರೆಸಿದಳು. "ನೀನು ಅಡುಗೆಮನೆ ಬಾಗಿಲಲ್ಲೇ ನಿಂತು ನಮ್ಮ ಕಾರ್ಖಾನೆಗೆ ಫೋನ್ ಮಾಡ್ತಿದ್ದೆ. ನಾಳೆ ಮೂಟೆ ಹೊರೋ ದಿನ ಅಂತ ನಾನು ಬೇಗ ಮಲಗ್ತಿದ್ದೆ. ಊಟಕ್ಕೆ ಕೂತು ಅತ್ತಿಗೆ ಹತ್ರ ಹೇಳ್ಕೊಳ್ವಾಗ ನಿನ್ನ ಮುಖದಲ್ಲಿ ಎಷ್ಟು ಖುಷಿ ಇರ್ತಿತ್ತು. ಹೇಗೆ ಹೇಳ್ಲಿ?"

"ಆದ್ರೂ ಜೀವದ ವಿಷಯ ಕಣೇ. ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ ಏನು ಮಾಡ್ತಿದ್ದೆ ಅಣ್ಣ? ಮೊದಲು ಯಜಮಾನರಿಗೆ ಫೋನ್ ಮಾಡಿ, ಹೌದಾ ಅಂತ ಕೇಳ್ತಿದ್ದೆ."

ಇಲ್ಲ ಎನ್ನಲು ಸಾಹೇಬರು ಬಾಯಿ ತೆರೆದರು. ಆ ಫೋನಿನಲ್ಲಿ ತಾವು ಆಡುತ್ತಿದ್ದ ಮಾತು, 'ಯಾರೋ ಏನೋ ಹೇಳಿದ್ರು, ನಾನಂತೂ ನಂಬಲಿಲ್ಲ ಬಿಡಿ' ಎನ್ನುವ ಆ ಸೌಜನ್ಯದ ದನಿ ಸಮೇತ, ಅವರಿಗೇ ಕೇಳಿಸಿತು. ತಂಗಿಯ ಕೆಲಸ ಅಂದೇ ಹೋಗುತ್ತಿತ್ತು.

"ನಾಳೆ ಯಾವ ಕಡೆ?" ತಂಗಿಯೇ ಕೇಳಿದಳು.

"ಮಕ್ಕಳ ಹಾಸ್ಟೆಲ್."

"ಅಲ್ಲಿಗೆ ಫೋನ್ ಮಾಡ್ಬೇಡ ಅಣ್ಣ. ದಮ್ಮಯ್ಯ ಅಂತೀನಿ."

"ಮಾಡಲ್ಲ," ಎಂದರು ಸಾಹೇಬರು.

ಬೆಳಿಗ್ಗೆ ತಿಂಡಿ ತಿನ್ನುತ್ತಲೇ ಮಾಡಿಯಾಗಿತ್ತು. ಅದನ್ನು ಅವಳ ಮುಂದೆ ಒಪ್ಪಿಕೊಳ್ಳುವ ಮುಖ ಅವರಿಗಿರಲಿಲ್ಲ. ಕೆಲಸವಿದೆ ಎಂದು ಹೇಳಿ, ಕಚೇರಿಯ ದಾರಿ ಬಿಟ್ಟು, ಅಲ್ಲಿನವರು ಎಲ್ಲ ಸರಿ ಮಾಡಿಟ್ಟುಕೊಳ್ಳುವ ಮೊದಲೇ ನೋಡಬೇಕೆಂದು, ಹಾಸ್ಟೆಲಿನ ಕಡೆಗೆ ಓಡಿದಂತೆಯೇ ನಡೆದರು.