ಮಾದೇವನ ಪಾಲು ಮತ್ತು ನೂರಾ ನಲವತ್ತು ಮಾರು ಹಗ್ಗ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನಾನು ಏಳು ವರ್ಷ ಯೋಚಿಸಿದೆ. (ಏಳು ದಿನ. ಆದರೆ ಏಳು ವರ್ಷ ಅಂದರೆ ಓದುಗರಿಗೆ ಮರ್ಯಾದೆ ಕೊಟ್ಟಂತೆ.) ಭಟ್ಕಳದಿಂದ ಕುಮಟೆಯವರೆಗೆ ನನ್ನಷ್ಟು ಚೆಂದ ಕತೆ ಶುರು ಮಾಡುವವರು ಇನ್ನೊಬ್ಬರಿಲ್ಲ. ಮುಗಿಸುವ ವಿಚಾರ ಬೇರೆ; ಅದನ್ನು ಈಗಲೇ ಎತ್ತಬೇಡಿ.

ಮೊದಲ ಕರಡು ಹೀಗಿತ್ತು: ‘ಆಪರೇಷನ್ ಥಿಯೇಟರಿನ ಬಿಳಿ ಬೆಳಕಿನಲ್ಲಿ, ಹದಿನೆಂಟು ಮಂದಿ ಡಾಕ್ಟರುಗಳ ನಡುವೆ, ತೆಂಗಿನಗುಂಡಿಯ ಮಾದೇವನ ಎದೆ ಅರಮನೆಯ ಬಾಗಿಲಿನಂತೆ ತೆರೆದುಕೊಂಡಿತು...’

ಅಷ್ಟಕ್ಕೆ ಮಾದೇವನೇ ಅಡ್ಡ ಬಂದ. ನಲವತ್ತಾರರ ಪ್ರಾಯ, ಮೂಗಿನ ಮೇಲೆ ಮಾಸ್ಕು, ಮೊಣಕಾಲಿನ ಮೇಲೆ ಲುಂಗಿ.

“ಮಾಸ್ತರೆ, ಆಗ ನಾನೇ ನಿದ್ರೆಲಿದ್ದೆ. ನೀವು ಎಲ್ಲಿಂದ ನೋಡಿದ್ರಿ?”

(ಪೆನ್ನು ಹಿಡಿದವರೆಲ್ಲ ಅವನಿಗೆ ಮಾಸ್ತರೇ.) ಕರಡು ಹರಿದೆ.

೨

ಎರಡನೆಯದನ್ನು ಮಾದೇವನಿಗೆ ತನ್ನ ಶ್ವಾಸಕೋಶ ಕೊಟ್ಟು ಹೋದವನಿಂದ ಶುರು ಮಾಡಿದೆ. ಅವನಿಗೊಂದು ಹೆಸರಿಟ್ಟೆ. ಒಂದು ಬೈಕು ಕೊಡಿಸಿದೆ. ಮಳೆಯಲ್ಲಿ ಒಂದು ತಿರುವನ್ನೂ ಇಟ್ಟೆ. ಬರೆಯುತ್ತ ಬರೆಯುತ್ತ ನಾನೇ ಎಷ್ಟು ಅತ್ತೆನೆಂದರೆ ನಮ್ಮ ಕೇರಿಯ ಬಾವಿ ಒಂದು ಮೊಳ ಏರಿತು.

“ಅದು ಬ್ಯಾಡ,” ಅಂದ ಮಾದೇವ.

“ಎಂತಕೆ? ಓದುವವರು ಅಳ್ತಾರೆ.”

“ಗಂಡ್ಸೋ ಹೆಂಗ್ಸೋ ಅಂತ್ಲೂ ನಂಗೆ ಹೇಳಲಿಲ್ಲ. ಹೇಳುಕಿಲ್ಲವಂತೆ. ಅವ್ರ ಮನೆಯವ್ರು ಎಲ್ಲೋ ಕೂತು ಇದ್ನ ಓದಿದ್ರೆ? ಸುಳ್ಳು ಹೇಳುದಾದ್ರೆ ನನ್ನ ಮೇಲೆ ಹೇಳಿ, ಬೇಕಾದಷ್ಟು.”

ಅವನು ಎದೆಯ ಮೇಲೆ ಒಮ್ಮೆ ಕೈ ಇಟ್ಟು ತೆಗೆದ. ನಾನು ಆ ಹೆಸರು, ಬೈಕು, ಮಳೆ ಎಲ್ಲವನ್ನೂ ಹೊಡೆದುಹಾಕಿದೆ. ಸುಳ್ಳಿನ ಲೈಸೆನ್ಸು ಮಾತ್ರ ಇಟ್ಟುಕೊಂಡೆ.

೪

(ಮೂರನೆಯ ಭಾಗದಲ್ಲಿ ಖರ್ಚಿತ್ತು. ಆಪರೇಷನ್ನಿಗೆ ಮೂರು ಕೋಟಿ ಆಯಿತೆಂದು ಬರೆದಿದ್ದೆ. ಮಾದೇವನ ಹೆಂಡತಿ ಬಂಗಾರಿ, ಭಟ್ಕಳ ಪೇಟೆಯಲ್ಲಿ ಮೀನು ಮಾರುವವಳು, ಹಾಳೆಯನ್ನು ತೆಗೆದುಕೊಂಡು ಓದಿದಳು. “ಮೂವತ್ತೊಂದು ಲಕ್ಷ,” ಅಂದಳು. “ಅದು ಸಾಲುದಿಲ್ವಾ ನಿಮ್ಗೆ?” ಆಮೇಲೆ ನಾನು ಆ ಭಾಗವನ್ನೇ ಬಿಟ್ಟೆ.)

ಆ ಮೂವತ್ತೊಂದು ಲಕ್ಷದ ಕತೆ ಹದಿನಾಲ್ಕು ತಿಂಗಳ ಹಿಂದೆಯೇ ಮುಗಿದಿದೆ. ಟ್ರಸ್ಟಿನವರು ಕೊಟ್ಟರು, ಬೋಟಿನವರು ಕೊಟ್ಟರು, ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರು ಹೆಸರು ಬರೆಸದೆ ಕೊಟ್ಟರು, ಬಂಗಾರಿಯ ತವರಿನಿಂದ ಬಂದಿದ್ದ ಮುಟ್ಟಳ್ಳಿಯ ಗದ್ದೆ ಹೋಯಿತು. ಮಾದೇವ ಉಳಿದ. ಈಗ ಮೂರು ಮೆಟ್ಟಿಲು ಹತ್ತಿ ನಿಂತು, ಕೆಮ್ಮದೆ, ಸುಮ್ಮನೆ ನಗುತ್ತಾನೆ. ಬೆಳಿಗ್ಗೆ ಎದ್ದು ಗಾಳಿಯನ್ನು ಬಿಸಿ ಚಾ ಕುಡಿದಂತೆ ಗುಟುಕು ಗುಟುಕಾಗಿ ಒಳಗೆ ಬಿಟ್ಟುಕೊಳ್ಳುತ್ತಾನೆ. ಇಷ್ಟು ಖುಷಿಯ ರೋಗಿಯನ್ನು ಮೂರು ಲೋಕದಲ್ಲಿ ನಾನು ಕಂಡಿಲ್ಲ.

ಮುಗಿಯದೆ ಇರುವುದು ಗುಳಿಗೆಯ ಕತೆ. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ, ಬದುಕಿರುವವರೆಗೆ. ತಪ್ಪಿಸಿದರೆ ಮೈಯೇ ಹೊಸ ಶ್ವಾಸಕೋಶವನ್ನು ‘ನೀ ಯಾರ ಮನೆಯವ’ ಎಂದು ಹೊರದಬ್ಬಲು ನೋಡುತ್ತದೆ. ತಿಂಗಳಿಗೊಮ್ಮೆ ಕುಮಟೆಯಲ್ಲಿ ರಕ್ತ ಪರೀಕ್ಷೆ. ಹೊನ್ನಾವರದಲ್ಲಿ ಔಷಧಿ ಅಂಗಡಿಯ ನಿತ್ಯಾನಂದ ಆ ಗುಳಿಗೆಗಳನ್ನು ತರಿಸಿಕೊಡುತ್ತಾನೆ. ತಿಂಗಳಿಗೆ ಇಪ್ಪತ್ತೆರಡು ಸಾವಿರ. (ಇದನ್ನು ನಾನು ಹೆಚ್ಚಿಸಿಲ್ಲ. ಹೆಚ್ಚಿಸಲು ಮನಸ್ಸೇ ಬರಲಿಲ್ಲ.)

ಜನವರಿಯ ಒಂದು ಬೆಳಿಗ್ಗೆ ಬಂಗಾರಿ ಡಬ್ಬಿ ತೆರೆದಾಗ ಒಂಬತ್ತು ದಿನಕ್ಕಾಗುವಷ್ಟೇ ಗುಳಿಗೆ ಇದ್ದವು. ಅದರ ಮೇಲೆ ಇರಬಾರದ ಒಂದು ಹೊತ್ತಿನ ಗುಳಿಗೆಯೂ ಇತ್ತು.

“ಹೋಯ್, ನಿನ್ನೆ ಸಂಜಿದು ಇಲ್ಲೇ ಉಂಟಲ್ಲ.”

ಮಾದೇವ ತೆಂಗಿನಮರ ನೋಡಿದ. “ಸಂಜಿದು ಬಿಟ್ರೆ ಒಂಬತ್ತು ದಿವ್ಸದ್ದು ಹದಿನೆಂಟು ದಿವ್ಸ ಬತ್ತದೆ.”

“ನೀವು ಬರುದಿಲ್ಲ ಹದಿನೆಂಟು ದಿವ್ಸ,” ಅಂದಳು ಬಂಗಾರಿ, ಮೀನಿನ ಬುಟ್ಟಿ ತಲೆಗೇರಿಸಿಕೊಳ್ಳದೆ ಅಲ್ಲೇ ಕುಳಿತು. ಆ ದಿನ ಅವಳು ಪೇಟೆಗೆ ಹೋಗಲಿಲ್ಲ.

೫

ಈಗ ಲಿಂಗಪ್ಪನನ್ನು ಒಳಗೆ ಕರೆಯಬೇಕು. ರಂಪಣಿ ಬಲೆಯ ತಾಂಡೇಲ, ಅಂದರೆ ಯಜಮಾನ. ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟು ಬರುತ್ತದೆ. ತೆಂಕಣ, ಬಡಗಣ ಎರಡು ಕೊನೆಯ ಹಗ್ಗಗಳನ್ನು ದಂಡೆಯ ಮೇಲೆ ಅರವತ್ತು ಜನ ಎಳೆಯುತ್ತಾರೆ. (ಆರುನೂರು ಅಂದುಕೊಳ್ಳಿ.) ಬಿದ್ದ ಮೀನು ಪಾಲಾಗುತ್ತದೆ. ಹಗ್ಗ ಮುಟ್ಟಿದವನಿಗೆ ಪಾಲು, ಮುಟ್ಟದವನಿಗೆ ಇಲ್ಲ.

ಸುದ್ದಿ ಕೇಳಿದ ಲಿಂಗಪ್ಪ ಅದೇ ಬೆಳಿಗ್ಗೆ ಬೇಲಿಯ ಹೊರಗೆ ನಿಂತೇ ಹೇಳಿದ: “ಮಾದೇವ, ಮಳೆಗಾಲದವರೆಗೆ ಪ್ರತಿ ಬಲೆಲಿ ನಿಂಗೊಂದು ಪಾಲು. ಎಲ್ಲರೂ ಒಪ್ಪಿಯಾತು.”

“ನಂಗೆ ಬ್ಯಾಡ ಲಿಂಗಣ್ಣ.”

“ಎಂತಕೆ?”

“ಹಗ್ಗ ಮುಟ್ಟಲಿಲ್ಲ.”

ಇಲ್ಲಿ ನಾನೇ ಕತೆಯೊಳಗೆ ಹಾರಿ ಮಾದೇವನ ರಟ್ಟೆ ಹಿಡಿದು ಅಲುಗಾಡಿಸಿದೆ. ‘ತಕೋ ಮಾರಾಯ, ಒಂಬತ್ತು ದಿನದ ಗುಳಿಗೆ ಉಂಟು ನಿನ್ನ ಹತ್ರ, ಓದುವವರು ಉಸಿರು ಬಿಗಿಹಿಡಿದು ಕೂತಿದ್ದಾರೆ.’ ಅವನು ಕೇಳಲಿಲ್ಲ. ಕೇಳಲಾರ. ಇಪ್ಪತ್ತು ವರ್ಷ ತೆಂಕಣ ಹಗ್ಗದ ಮುಂದಾಳಾಗಿದ್ದವನು ಅವನೇ. ತಡವಾಗಿ ಬಂದವರನ್ನು, ನೋಡುತ್ತ ನಿಂತವರನ್ನು, ಬರಿ ಬುಟ್ಟಿಯಲ್ಲಿ ಕಳಿಸಿದವನು ಅವನೇ. ಒಮ್ಮೆ ಲಿಂಗಪ್ಪನ ಭಾವ ದಾಸ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು, ದಂಡೆಯಲ್ಲಿ ಕುರ್ಚಿ ಹಾಕಿ ಕೂತಿದ್ದ. ಅವನಿಗೂ ಪಾಲು ಕೊಡಲಿಲ್ಲ. ಈಗ ತಾನು ಮನೆಯಲ್ಲಿ ಕೂತು ಮೀನು ತಿಂದರೆ, ಹೊಸ ಶ್ವಾಸಕೋಶದೊಳಗೆ ಹೋಗುವ ಗಾಳಿ ಯಾರದ್ದಾಗುತ್ತದೆ?

ದಂಡೆಗೆ ಹೋಗಿ ಮುಟ್ಟಿ ಬರೋಣವೆಂದರೆ ಡಾಕ್ಟರು ಬಿಡುವುದಿಲ್ಲ. ಅರವತ್ತು ಜನರ ಕೆಮ್ಮು, ಸೀನು, ಬೆವರಿನ ನಡುವೆ ಅವನು ನಿಲ್ಲುವಂತಿಲ್ಲ.

ಲಿಂಗಪ್ಪ ಸ್ವಲ್ಪ ಹೊತ್ತು ಎಲೆಯಡಿಕೆ ಜಗಿದ. “ದಾಸ ಭಾವನಿಗೆ ಎಂತ ಹೇಳಿದ್ದೆ ನೀನು, ನೆನ್ಪುಂಟಾ?”

ಮಾದೇವ ಮಾಸ್ಕನ್ನು ಮೇಲಕ್ಕೆಳೆದುಕೊಂಡ.

“ಮುರಿದದ್ದು ಕಾಲು, ಕೈಗೆ ಎಂತ ಆಗಿದೆ ಅಂದಿದ್ದೆ. ಹೌದಾ ಅಲ್ವಾ?”

“ಹೌದು.”

“ನಿಂದು ಬದ್ಲಾದ್ದು ಶ್ವಾಸಕೋಶ. ಕೈಗೆ ಎಂತ ಆಗಿದೆ? ನೀ ಹಗ್ಗದ ಹತ್ರ ಬರುಕಾಗ್ದಿದ್ರೆ ಬ್ಯಾಡ. ಹಗ್ಗ ನಡಿಸ್ಕಂಡು ಬತ್ತೆ.”

೬

ಓದುಗರೇ, ಗಟ್ಟಿಯಾಗಿ ಕೂತುಕೊಳ್ಳಿ. ಅಂಥ ಹಗ್ಗವನ್ನು ಈ ಕರಾವಳಿ ಕಂಡಿಲ್ಲ. ಮಾವಳ್ಳಿಯಿಂದ ಮೂರು ಲಾರಿಯಲ್ಲಿ ಬಂತು. ಬಿಚ್ಚುತ್ತ ಹೋದಾಗ ಅದರ ಒಂದು ತುದಿ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿತ್ತು, ಹೊನ್ನಾವರದಲ್ಲಿ ಶರಾವತಿ ಸೇತುವೆಯ ಮೇಲೆ ವಾಹನ ನಿಲ್ಲಿಸಿ...

“ನೂರಾ ನಲವತ್ತು ಮಾರು,” ಅಂದಳು ಬಂಗಾರಿ. “ದಂಡೆಯಿಂದ ನಮ್ಮ ಜಗಲಿಗೆ. ನಾನೇ ಅಳತಿದ್ದು.”

ಸರಿ. ನೂರಾ ನಲವತ್ತು ಮಾರು. ತೆಂಕಣ ಹಗ್ಗದ ಬಾಲಕ್ಕೆ ಹಳೆಯ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ, ಗಾಳಿಮರಗಳ ನಡುವೆ ಹಾಯಿಸಿ, ರಸ್ತೆ ದಾಟಿಸಿ (ಮುಕ್ಕಾಲು ಗಂಟೆ ಯಾವ ರಿಕ್ಷಾವೂ ಹೋಗಲಿಲ್ಲ, ಯಾವ ರಿಕ್ಷಾದವನೂ ಬಯ್ಯಲಿಲ್ಲ, ಎರಡನೆಯದು ಸುಳ್ಳು), ಕಿರಾಣಿ ಅಂಗಡಿಯ ಕಟ್ಟೆ ಬಳಸಿ, ಬೇಲಿಯ ಸಂದಿನಿಂದ ಅಂಗಳಕ್ಕೆ ತಂದರು. ಒಳಗೆ ಬಂದ ತುದಿಯನ್ನು ಬಂಗಾರಿ ಬಿಸಿನೀರಲ್ಲಿ ಅದ್ದಿ, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಒಣಗಿಸಿದಳು. ಇಷ್ಟು ಮಡಿಯ ರಂಪಣಿ ಹಗ್ಗ ದೇವಲೋಕದಲ್ಲಿಯೂ ಇರಲಾರದು.

ಅದೇ ಮಧ್ಯಾಹ್ನ ಮೂರಕ್ಕೆ ಬಲೆ ಬಿಟ್ಟರು. ಮಾದೇವ ಕೈಗವಸು ಹಾಕಿ, ಮಾಸ್ಕು ಬಿಗಿದು, ಜಗಲಿಯ ಮೇಲೆ ಕುಳಿತು ತುದಿ ಹಿಡಿದ. ದೂರದಲ್ಲಿ ಎಳೆಯುವವರ ಐಸಾ ಐಸಾ ಕೇಳಿಸಿತು. ಹಗ್ಗ ಹಾವಿನಂತೆ ಅಂಗಳದಲ್ಲಿ ಮೆಲ್ಲಗೆ ಮಿಸುಕಿತು. ಎಳೆದಷ್ಟು ಸಡಿಲು ಅವನ ಕಡೆ ಬಂತು. ಅದನ್ನು ಅವನು ಸುತ್ತಿ ಸುತ್ತಿ ಕಾಲ ಬಳಿ ಇಟ್ಟ. ಕಡಲಿಗೆ ಬೆನ್ನು ಹಾಕಿ ಕುಳಿತಿದ್ದರೂ ಅವನ ಅಂಗೈ ಕಡಲನ್ನು ನೋಡುತ್ತಿತ್ತು. ಹದಿನಾಲ್ಕು ತಿಂಗಳಿಂದ ಅವನ ಮೈಯನ್ನು ಬೇರೆಯವರೇ ಅಳೆದಿದ್ದರು, ತೂಗಿದ್ದರು, ಚುಚ್ಚಿದ್ದರು. ಈಗ ಮೊದಲ ಸಲ ಅದು ಏನನ್ನೋ ತಾನೇ ತಿಳಿದುಕೊಂಡಿತು.

ಫೋನು ಹಚ್ಚಿದ. “ಲಿಂಗಣ್ಣ, ಬಡಗಣ ಕಡೆ ಬೇಗ ಎಳೀತಿದ್ರು. ಇಲ್ಲಿ ಹಗ್ಗ ಬಿಗಿ ಆಗ್ತಾ ಉಂಟು. ಅವ್ರಿಗೆ ತಡೀ ಹೇಳು.”

“ಜಗಲಿಲಿ ಕೂತು ಕೂಗಾಡ್ಬೇಡ ನೀನು,” ಅಂದ ಲಿಂಗಪ್ಪ. ಆದರೆ ಬಡಗಣದವರಿಗೆ ತಡೆಯಲು ಹೇಳಿದ. (ಇದು ನಿಜ. ಲಿಂಗಪ್ಪನನ್ನು ಕೇಳಿ. ಅವನು ಇಲ್ಲ ಅಂದರೆ ಅದು ಹೊಟ್ಟೆಕಿಚ್ಚು.)

೭

ಇನ್ನು ಮುಕ್ತಾಯ. ಆರಿಸಿಕೊಳ್ಳಿ.

ಮುಕ್ತಾಯ ಒಂದು: ಬಲೆಗೆ ನಲವತ್ತು ಟನ್ ಬಂಗಡೆ ಬಿತ್ತು, ಮಾದೇವನ ಪಾಲಿನಲ್ಲಿ ನೂರು ವರ್ಷದ ಗುಳಿಗೆ ಬಂದವು, ಮುಟ್ಟಳ್ಳಿಯ ಗದ್ದೆ ತಾನಾಗಿ ನಡೆದು ಮನೆಗೆ ಬಂತು.

ಮಾದೇವ: “ನಲವತ್ತು ಟನ್ ಎಳೆದ್ರೆ ಬಲೆ ಹರಿತದೆ ಮಾಸ್ತರೆ. ಆ ಬಲೆಗೆ ಯಾರು ದುಡ್ಡು ಕೊಡುದು?”

ಮುಕ್ತಾಯ ಎರಡು: ಬಲೆ ಖಾಲಿ. ಮಾದೇವ ಕಡಲಿನತ್ತ ನೋಡುತ್ತ...

ಬಂಗಾರಿ: “ಅದ್ನ ಬರೆದ್ರೆ ನಿಮ್ಗೆ ಈ ಮನೆಲಿ ಚಾ ಇಲ್ಲ.”

ಮುಕ್ತಾಯ ಮೂರು, ಆದದ್ದು: ಸಾಧಾರಣ ಬಲೆ. ಮಾದೇವನ ಪಾಲಿಗೆ ಎರಡು ಸಾವಿರದ ಒಂಬೈನೂರು ರೂಪಾಯಿ ಮತ್ತು ಪಳದಿ ಸಾರಿಗಾಗುವಷ್ಟು ಬಂಗಡೆ. ಲಿಂಗಪ್ಪ ಬೇಲಿಯ ಮೇಲಿಟ್ಟು ಹೋದ. ಮಾದೇವ ಕೈಗವಸು ತೆಗೆಯದೆಯೇ ಎತ್ತಿಕೊಂಡ. “ನಾಲ್ಕು ದಿವ್ಸದ ಗುಳಿಗೆ,” ಅಂದಳು ಬಂಗಾರಿ. ಒಂಬತ್ತಕ್ಕೆ ನಾಲ್ಕು ಸೇರಿ ಹದಿಮೂರು. ಅಷ್ಟರೊಳಗೆ ಇನ್ನೊಂದು ಬಲೆ ಬೀಳಬಹುದು, ಬೀಳದೆಯೂ ಇರಬಹುದು. ಅವನು ಸುತ್ತಿಟ್ಟ ಹಗ್ಗದ ಮೇಲೆ ಅಟ್ಟದ ಮೇಲಿನ ಬೆಕ್ಕಿನಂತೆ ಕುಳಿತುಕೊಂಡ. ಇದಕ್ಕಿಂತ ಸುಖವಾದ ಕುರ್ಚಿ ದಿಲ್ಲಿಯಲ್ಲಿಯೂ ಇಲ್ಲ.

ಇಷ್ಟು ಬರೆದು, ಒಂದು ಭಾರೀ ಕೊನೆಯ ಸಾಲಿಗೆ ನಾನು ಎದೆಯುಬ್ಬಿಸಿ ಉಸಿರೆಳೆದುಕೊಂಡೆ. ಸೀನು ಬಂತು.

ಬಂಗಾರಿ ಎದ್ದು ನಿಂತಳು. “ನೆಗ್ಡಿಯಾ?”

“ಧೂಳು.”

“ಧೂಳೋ ನೆಗ್ಡಿಯೋ, ಬೇಲಿ ಹೊರಗೆ ಹೋಗಿ ಸೀನಿ ಮಾಸ್ತರೆ. ಹದಿನೈದು ದಿವ್ಸ ಈ ಬದಿ ಬರುದು ಬ್ಯಾಡ.”

ಹೀಗೆ ಕತೆಗಾರನನ್ನು ಅವನ ಕತೆಯಿಂದಲೇ ಹೊರಗೆ ಹಾಕಿದರು. ಬಾಗಿಲು ಹಾಕಿಕೊಂಡಿತು. ಒಳಗೇನಾಗುತ್ತದೆ ಎಂದು ನಾನಿನ್ನು ಹೇಳಲಾರೆ. ಕೇಳಿಸಿದ್ದನ್ನು ಮಾತ್ರ ಹೇಳಬಲ್ಲೆ. ಆರು ಗಂಟೆಯ ಅಲಾರಾಂ ಹೊಡೆಯಿತು. ಚೆಂಬಿನಿಂದ ನೀರು ಬಗ್ಗಿಸಿದ ಸದ್ದು. ನುಂಗಿದ ಸದ್ದು ನನಗೆ ಕೇಳಿಸಲಿಲ್ಲ, ಬಂಗಾರಿಗೂ ಕೇಳಿಸಲಿಲ್ಲವೇನೋ.

“ಬಾಯಿ ತೋರ್ಸಿ,” ಅಂದಳು.

“ನುಂಗಿದೆ ಮಾರಾಯ್ತಿ.”

“ತೋರ್ಸಿ. ಆ ಅನ್ನಿ.”

“ಆ...” ಅಂದ ಮಾದೇವ.

ಸಾಕು ಎಂದು ಅವಳು ಹೇಳಲಿಲ್ಲ. ಅವನೂ ನಿಲ್ಲಿಸಲಿಲ್ಲ. ಹೆಂಡತಿಯನ್ನು ಕಾಡಿಸಲಿಕ್ಕೋ, ಉಸಿರು ಎಷ್ಟು ಬರುತ್ತದೆಂದು ತನಗೇ ನೋಡಬೇಕೆನಿಸಿಯೋ, ಎಳೆಯುತ್ತಲೇ ಹೋದ. ಬಂಗಾರಿ ನಗುತ್ತಿದ್ದಾಳೆ. ನಾನು ಬೇಲಿಯ ಹೊರಗೆ ನಿಂತು ಗಡಿಯಾರ ನೋಡಿ ಸೆಕೆಂಡು ಎಣಿಸುತ್ತಿದ್ದೇನೆ, ಈ ಸಲ ಒಂದನ್ನೂ ಹೆಚ್ಚು ಸೇರಿಸದೆ. ಹದಿನೇಳು. ಹದಿನೆಂಟು. ಹತ್ತೊಂಬತ್ತು