ಸಾಹೇಬನ ಹೊಲದ ವಾರಸುದಾರರು

ನಮ್ಮ ಕಡೆ ಮನುಷ್ಯ ಸತ್ತವರ ಹೆಸರು ವಿಚಾರಿಸುತ್ತ ಊರೂರು ತಿರುಗುವುದು ಎರಡೇ ಕಾರಣಕ್ಕೆ: ಒಂದು ಬೀಗತನ, ಇನ್ನೊಂದು ಹೊಲದ ಪಾಲು. ಹಾಗಾಗಿ ೧೯೮೩ರ ಸುಗ್ಗಿಯಲ್ಲಿ ಅಮೆರಿಕದ ಒಬ್ಬ ಹೆಂಗಸು, ನಮ್ಮವರ ಮಾತಿನಲ್ಲಿ ಬಾಯಿ, ಶಲವಡಿಗೆ ಬಂದು ತನ್ನ ಅಜ್ಜನ ಅಜ್ಜನನ್ನು ಹುಡುಕುತ್ತಿದ್ದಾಳೆಂದು ತಿಳಿದಾಗ ಊರು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಬಾಯಿಯ ತಲೆ ಪೂರಾ ಬೆಳ್ಳಗಿತ್ತು. ಬೀಗತನದ ಮಾತು ಇರಲಾರದು.

ಆಕೆಯ ಹೆಸರು ಲೂಯೆಲ್ಲಾ ಟ್ರಾಸ್ಕ್. ಜೊತೆಗೆ ಬಂದ ಅಣ್ಣಿಗೇರಿಯ ಇತಿಹಾಸದ ಮಾಸ್ತರ ಪ್ರಭಂಜನರು ಕನ್ನಡದಲ್ಲಿ ಬಿಡಿಸಿ ಹೇಳಿದರು. ಟ್ರಾಸ್ಕ್ ಮನೆತನದವರು ಅಮೆರಿಕಕ್ಕೆ ಹಡಗಿನಲ್ಲಿ ಹೋಗಿ ಇಳಿದ ಮೊದಮೊದಲಿನವರಂತೆ. ಅಂದಿನಿಂದ ಯಾರು ಎಲ್ಲಿ ಹುಟ್ಟಿದರು, ಎಲ್ಲಿ ಮಣ್ಣಾದರು ಎಂಬುದೆಲ್ಲ ಅವರಿಗೆ ಗೊತ್ತು. ಸೈಲಸ್ ಟ್ರಾಸ್ಕ್ ಒಬ್ಬನದು ಮಾತ್ರ ಗೊತ್ತಿಲ್ಲ. ಕಂಪನಿ ಸರಕಾರದ ಕಾಲದಲ್ಲಿ, ಅಮೆರಿಕದ ಹತ್ತಿ ಬೆಳೆಯುವುದನ್ನು ನಮ್ಮವರಿಗೆ ಕಲಿಸಲು ಹೆಂಡತಿ ಮಗುವನ್ನು ಬಿಟ್ಟು ಈ ಕಡೆ ಬಂದವನು ತಿರುಗಿ ಹೋಗಲಿಲ್ಲ.

ಇದನ್ನು ಕೇಳಿ ತಲೆ ಕೆಡಿಸಿಕೊಂಡವನು ಮಡಿವಾಳೆಪ್ಪ ಒಬ್ಬನೇ. ಊರ ಮೂಡಣಕ್ಕಿರುವ ಅವನ ಎಂಟೆಕರೆ ಕಪ್ಪು ಮಣ್ಣಿನ ಎರಿ ಹೊಲವನ್ನು ಎಲ್ಲರೂ ಸಾಹೇಬನ ಹೊಲ ಎನ್ನುತ್ತಿದ್ದರು. ಯಾವ ಸಾಹೇಬ ಎಂದು ಅವನು ಕೇಳಿದವನಲ್ಲ. ಹತ್ತಿ ಚಲೋ ಬರುತ್ತಿತ್ತು.

ಗೆಳೆಯ ಶಂಕ್ರಪ್ಪ ಓಡಿ ಬಂದ. ಕೋರ್ಟಿನ ಕಟ್ಟೆ ಹತ್ತಿಳಿದು ಅರ್ಧ ವಕೀಲನಾಗಿದ್ದವನು. ಗೆದ್ದ ಕೇಸು ಮಾತ್ರ ಯಾರಿಗೂ ನೆನಪಿಲ್ಲ.

“ವಾರಸುದಾರಳು ಬಂದಾಳಲೇ.”

“ಆಕಿ ಗೋರಿ ಹುಡುಕಾಕ ಬಂದಾಳಂತ.”

“ಮೊದಲ ಗೋರಿ ಕೇಳ್ತಾರ. ಆಮ್ಯಾಲೆ ಗೋರಿ ಯಾರ ಹೊಲದಾಗೈತಿ ಅಂತ ಕೇಳ್ತಾರ.”

“ಸರಕಾರದ ಕಾಗದ, ಉತಾರದಾಗ ನನ್ನ ಹೆಸರೈತಿ.”

“ಮಂದಿ ಬಾಯಾಗ ಯಾರ ಹೆಸರೈತಿ?”

ಶಂಕ್ರಪ್ಪ ದನಿ ತಗ್ಗಿಸಿದ. “ಒಂದ ದಾರಿ ಐತಿ. ನೀನೂ ವಾರಸುದಾರ ಆಗು. ಆ ಸಾಹೇಬ ನನಗೂ ಅಜ್ಜನ ಅಜ್ಜ ಅಂದುಬಿಡು. ಆಗ ಆಕಿಗೆ ಹೋದ್ರ ಅರ್ಧ ಹೋಗ್ತೈತಿ. ಪೂರಾ ಹೋಗೂದಿಲ್ಲ.”

ಮಧ್ಯಾಹ್ನ ಮಾಸ್ತರರೂ ಬಾಯಿಯೂ ಮನೆಗೆ ಬಂದಾಗ, ಹಣೆಯ ವಿಭೂತಿ ಒರೆಸಬೇಕೋ ಇಟ್ಟುಕೊಳ್ಳಬೇಕೋ ತಿಳಿಯದೆ ಮಡಿವಾಳೆಪ್ಪ ಅರ್ಧ ಒರೆಸಿಕೊಂಡಿದ್ದ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದ.

ಪ್ರಭಂಜನರು ಕನ್ನಡಕ ತೆಗೆದರು. “ಏನಂದ್ರಿ?”

“ಸಾಹೇಬ ನಮ್ಮ ಅಜ್ಜನ ಅಜ್ಜರಿ.”

“ನಿಮ್ಮ ಅಪ್ಪನ ಹೆಸರೇನು?”

“ಈರಬಸಪ್ಪರಿ.”

“ಅವರ ಅಪ್ಪ?”

“ಮಡಿವಾಳೆಪ್ಪ. ಅಂವನ ಹೆಸರ ನನಗಿಟ್ಟಾರ. ಅಂವನ ಅಪ್ಪ ಈರಬಸಪ್ಪ. ಅಂವನ ಅಪ್ಪ ಮಡಿ...” ನಾಲಗೆ ಕಚ್ಚಿಕೊಂಡ. “ಸಾಹೇಬರಿ.”

“ಅಜ್ಜನ ಹೆಸರು ಮೊಮ್ಮಗಗ ಇಡೂದು ನಿಮ್ಮ ಮನಿ ಪದ್ಧತಿ ಅಂದ್ರ, ಈಗ ನಿಮ್ಮ ಹೆಸರು ಸೈಲಸಪ್ಪ ಇರಬೇಕಿತ್ತಲ್ರಿ.”

ಇದಕ್ಕೆ ಶಂಕ್ರಪ್ಪ ಏನೂ ಹೇಳಿಕೊಟ್ಟಿರಲಿಲ್ಲ. ಮಾಸ್ತರರು ಅನುಮಾನಿಸುತ್ತಲೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬಾಯಿ ಎದ್ದು ಬಂದು ಮಡಿವಾಳೆಪ್ಪನ ಎರಡೂ ಕೈ ಹಿಡಿದುಕೊಂಡು ಅಳತೊಡಗಿದಳು. ಪರಹೆಂಗಸು ಕೈ ಹಿಡಿದರೆ ಏನು ಮಾಡಬೇಕೆಂದು ಗೊತ್ತಿಲ್ಲದ ಅವನು ಕೈಗಳನ್ನು ಅಲ್ಲೇ ಬಿಟ್ಟು ತಾನು ಹಿಂದೆ ಸರಿಯಲು ನೋಡಿದ.

“ಪಾಲಿನ ಮಾತು ಕೇಳ್ರಿ ಸರ.”

ಮಾಸ್ತರರು ಕೇಳಿದರು. ಬಾಯಿ ಅಳುವಿನ ನಡುವೆಯೇ ನಕ್ಕಳು.

“ಅವರಿಗೆ ಒಂದು ಹೆಂಟೆ ಮಣ್ಣೂ ಬ್ಯಾಡಂತ. ಅಲ್ಲಿ ಇದ್ದ ಹೊಲಾನೂ ಮಾರ್ಯಾರ. ಸೈಲಸನ ರಕ್ತ ಇಲ್ಲೂ ಒಂದು ಕಡೆ ಉಳದದಲ್ಲ, ಅಷ್ಟ ಸಾಕಂತ. ನಿಮ್ಮ ಫೋಟೋ ಮನ್ಯಾಗ ತೂಗು ಹಾಕ್ತಾರಂತ.”

ಹೊಲ ಉಳಿಯಿತು. ಆದರೆ ಈಗ ಮಡಿವಾಳೆಪ್ಪನಿಗೆ ತನ್ನ ನಿಜವಾದ ಅಜ್ಜನ ಅಜ್ಜ ತಿರುಗಿ ಬೇಕಾದ.

“ಹಂಗಾರ ಸುಳ್ಳಂತ ಹೇಳಿಬಿಡ್ರಿ ಸರ.”

“ಇಷ್ಟು ಅಳಿಸಿದ ಮ್ಯಾಲೆ? ನೀವ ಹೇಳ್ರಿ.”

ಮಡಿವಾಳೆಪ್ಪ ಒಳಗೆ ಹೋಗಿ, ಹಾಸಿಗೆಯ ಮೇಲಿದ್ದ ತಾಯಿ ಮಲ್ಲಕ್ಕನನ್ನು ಕೈ ಹಿಡಿದು ನಡೆಸಿಕೊಂಡು ಬಂದ. ಮುದುಕಿ ಒಂದು ಮಾತಿನಲ್ಲಿ ಅಲ್ಲಗಳೆದರೆ ಮುಗಿಯಿತು ಎಂಬುದು ಅವನ ಲೆಕ್ಕ.

“ಯವ್ವಾ, ಆ ಸಾಹೇಬಗೂ ನಮಗೂ ಏನೂ ಸಂಬಂಧಿಲ್ಲಂತ ಇವರಿಗೆ ಹೇಳು.”

ಮಲ್ಲಕ್ಕ ಬಾಯಿಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಮಗನನ್ನು ನೋಡಿದಳು. ಅವಸರವೇನೂ ಇದ್ದಂತಿರಲಿಲ್ಲ.

“ನಾ ಹೆಂಗ ಹೇಳ್ಲೆಪಾ? ನಾ ಈ ಮನೀಗೆ ಸೊಸಿಯಾಗಿ ಬಂದಾಕಿ. ನಿಮ್ಮ ಮನೆತನದ ಸುದ್ದಿ ನಿಮಗ ಗೊತ್ತಿರಬೇಕು.”

“ನಿನ್ನ ಅತ್ತಿ ಏನರೆ ಹೇಳಿರಬೇಕಲ್ಲ?”

“ಹೇಳಿದ್ಳು. ಈ ಮನ್ಯಾಗ ಏನರೆ ಕೇಳು, ಸಾಹೇಬನ ಸುದ್ದಿ ಮಾತ್ರ ಕೇಳಬ್ಯಾಡ ಅಂದಿದ್ಳು.”

“ಯಾಕಂತ?”

“ಕೇಳಬ್ಯಾಡ ಅಂದ ಮ್ಯಾಲೆ ಹೆಂಗ ಕೇಳ್ಲಿ?” ಎಂದು ಮುದುಕಿ ಬಾಯಿಯ ಬಾಜು ಕೂತು ಆಕೆಯ ತೋಳು ಮುಟ್ಟಿ ನೋಡಿದಳು. “ಎಷ್ಟು ಸೊರಗ್ಯಾಳ. ಊಟಾ ಮಾಡಿಸಿ ಕಳಸು. ಸಂಬಂಧ ಇದ್ರೂ ಉಣ್ಣಬೇಕು, ಇಲ್ಲದಿದ್ರೂ ಉಣ್ಣಬೇಕು.”

ಬಾಯಿ ರೊಟ್ಟಿ ಉಂಡಳು, ಫೋಟೋ ತೆಗೆದಳು, ಮತ್ತೊಮ್ಮೆ ಕೈ ಹಿಡಿದಳು, ಹೋದಳು. ಸಂಜೆ ಶಂಕ್ರಪ್ಪ ಬಂದು ಕೇಸು ಏನಾಯಿತೆಂದು ಕೇಳಿದ.

“ಗೆದ್ದೆ,” ಎಂದ ಮಡಿವಾಳೆಪ್ಪ. ಗೋಡೆಗೆ ತೂಗುಹಾಕಿದ್ದ ಕನ್ನಡಿ ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು, ತನ್ನ ಮೂಗನ್ನು ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ನೋಡಿಕೊಳ್ಳುತ್ತಿದ್ದ.